ಐದೇ ಹನಿ

ಆ ಮನೆಯಲ್ಲಿ ಆಳುವವರು ಐದು ಜನ, ಅಳುವವಳು ಒಬ್ಬಳು. ಸಂಜೆ ಐದು ಹೊಡೆಯಿತೆಂದರೆ ಅಳುವವಳದ್ದೇ ಆಳ್ವಿಕೆ.

ಅವಳಿಗಾಗ ಏಳು ವಾರ. ಹಗಲೆಲ್ಲ ಬೆಣ್ಣೆಮುದ್ದೆಯ ಹಾಗೆ ಬಿದ್ದುಕೊಂಡಿರುತ್ತಿದ್ದ ಕೂಸು, ಗಡಿಯಾರ ನೋಡಿಕೊಂಡಂತೆ ಐದಕ್ಕೆ ಸರಿಯಾಗಿ ಮುಖ ಕೆಂಪು ಮಾಡಿ, ಮಂಡಿ ಹೊಟ್ಟೆಗೆ ಮಡಚಿ, ಮುಷ್ಟಿ ಬಿಗಿದು ಶುರು ಮಾಡುತ್ತಿತ್ತು. ಎತ್ತಿದರೂ ಅಳು, ಇಳಿಸಿದರೂ ಅಳು, ಹಾಲಿಗೂ ಅಳು, ಜೋಗುಳಕ್ಕೂ ಅಳು. ಒಂಬತ್ತೂವರೆಗೆ ತಾನಾಗಿಯೇ ನಿಲ್ಲಿಸಿ, ಏನೂ ಆಗಿಯೇ ಇಲ್ಲವೆಂಬಂತೆ ಒಂದು ತೇಗು ತೇಗಿ ಮಲಗುತ್ತಿತ್ತು.

ಮೂರು ಕೋಣೆಯ ಮನೆ, ಕಾಗದದಂಥ ಗೋಡೆ. ಮೇಲಿನ ಮನೆಯವರು ಮೊದಮೊದಲು ಪೊರಕೆ ಹಿಡಿಯಿಂದ ನೆಲ ಕುಟ್ಟಿದರು. ಆಮೇಲೆ ಟೀವಿ ಸದ್ದು ಏರಿಸಿದರು. ಈಗ ಎರಡನ್ನೂ ಬಿಟ್ಟು ಸಂಜೆ ಹೊತ್ತು ವಾಕಿಂಗ್ ಹೋಗುತ್ತಿದ್ದರು.

ಮಗುವಿನ ಅಪ್ಪ ಸಿಟಿ ಬಸ್ ಡ್ರೈವರ್. ಬೆಳಗಿನ ಐದು ಗಂಟೆಯ ಮೊದಲ ಬಸ್ ಅವನದು. ಸಂಜೆ ಏಳೂವರೆಗೆಲ್ಲ ಮಲಗಿದರಷ್ಟೇ ಅವನಿಗೆ ನಿದ್ದೆ. ಕಿವಿಗೆ ಹತ್ತಿ ತುರುಕಿಕೊಂಡು ಅಡುಗೆಮನೆ ನೆಲದ ಮೇಲೆ, ಗ್ಯಾಸ್ ಸಿಲಿಂಡರ್ ಪಕ್ಕ ಮಲಗುತ್ತಿದ್ದ. ಮಗುವಿನ ತಾಯಿ ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಗುತ್ತಿಗೆ ಮೇಲೆ ಕೂರುವವಳು. ಮಗುವಿಗೆ ಮೂರು ತಿಂಗಳು ತುಂಬುವ ಸೋಮವಾರಕ್ಕೆ ಅವಳ ರಜೆ ಮುಗಿಯುತ್ತಿತ್ತು. ಆಮೇಲೆ ಮಗು ಅಜ್ಜಿ ತಾತನ ಕೈಗೆ.

"ಇಷ್ಟು ಅಳೋ ಮಗೂನ ನನ್ನ ಕೈಲಿ ಹಿಡಿಯಕ್ಕಾಗಲ್ಲಮ್ಮ," ಎಂದಿದ್ದಳು ಅಜ್ಜಿ. "ನನಗೇ ರಾತ್ರಿ ಮಾತ್ರೆ ನುಂಗದೆ ನಿದ್ದೆ ಹತ್ತಲ್ಲ. ಬೇಕಾದರೆ ನಾನೂ ಅವಳ ಜೊತೆ ಕೂತು ಅಳ್ತೀನಿ."

"ಹಾಗಾದರೆ ಕೆಲಸ ಬಿಡ್ಲಾ ಅತ್ತೆ?"

"ಬಿಡು ಅಂತ ನಾನೆಲ್ಲಿ ಅಂದೆ? ಹಿಡಿಯಕ್ಕಾಗಲ್ಲ ಅಂದೆ."

ಮಗುವಿನ ತಾತನನ್ನು ಬೀದಿಯೆಲ್ಲ ಕಂಪೌಂಡರ್ ಎಂದೇ ಕರೆಯುತ್ತಿತ್ತು. ಮೂವತ್ನಾಲ್ಕು ವರ್ಷ ಒಬ್ಬ ಡಾಕ್ಟರ ಶಾಪಿನಲ್ಲಿ, ಮರದ ಅಡ್ಡಗೋಡೆಯ ಹಿಂದೆ ನಿಂತು, ಚಿಕ್ಕ ಕಿಂಡಿಯಿಂದ ಮಿಕ್ಸ್ಚರ್ ಬಾಟಲಿ ಆಚೆ ಚಾಚಿದ ಕೈ ಅವರದು. ಡಾಕ್ಟರು ಹೋದರು, ಶಾಪು ಮೊಬೈಲ್ ಅಂಗಡಿಯಾಯಿತು, ಕಂಪೌಂಡರ್ ಮಾತ್ರ ಕಂಪೌಂಡರಾಗಿಯೇ ಉಳಿದರು. "ಕಂಪೌಂಡರ್ ಅಂದರೆ ಅರ್ಧ ಡಾಕ್ಟರ್, ಅರ್ಧ ಅನುಭವ," ಎನ್ನುತ್ತಿದ್ದರು.

"ಅಂದರೆ ಪೂರ್ತಿ ಡಾಕ್ಟರಿಗೆ ಅನುಭವಕ್ಕೆ ಜಾಗ ಇರಲ್ವಾ ಅಪ್ಪ?" ಎಂದು ಕೇಳುವವಳು ಅವರ ಮಗಳು, ಡ್ರೈವರನ ತಂಗಿ. ಕಾಲೇಜಿಗೆ ಹೋಗುತ್ತಿದ್ದಳು. ಬೀದಿಯಲ್ಲಿ ಅವಳು ಅನುಕರಣೆ ಮಾಡದ ಗಂಟಲಿರಲಿಲ್ಲ. ಹಾಲಿನವನ ಗಂಟೆಯಿಂದ ಹಿಡಿದು ಬಾಡಿಗೆ ಕೇಳುವ ಓನರ್ ಕೆಮ್ಮಿನವರೆಗೆ ಎಲ್ಲ ಅವಳ ಬಾಯಲ್ಲಿ. ಸಂಜೆಯ ಅಳುವನ್ನಂತೂ ಎಷ್ಟು ಚೆನ್ನಾಗಿ ಮಾಡುತ್ತಿದ್ದಳೆಂದರೆ, ಒಮ್ಮೆ ಮಗು ಮಲಗಿದ್ದಾಗ ಮಾಡಿ ತೋರಿಸಿ ಅತ್ತಿಗೆಯ ಎದೆಯಲ್ಲಿ ಹಾಲು ಸುರಿಸಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಮಗುವನ್ನು ಕರೆದುಕೊಂಡು ಹೋದದ್ದು ಅತ್ತಿಗೆ ನಾದಿನಿ ಇಬ್ಬರೇ. ಬಂದ ಮೇಲೆ ಊಟದ ಹೊತ್ತಿಗೆ ನಾದಿನಿ ತಟ್ಟೆ ಮುಂದೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿದವಳಂತೆ ನೋಡಿ, ಡಾಕ್ಟರಮ್ಮನೇ ಆದಳು.

"ನೋಡೀಮ್ಮಾ, ಇದಕ್ಕೆ ಕಾಲಿಕ್ ಅಂತೀವಿ. ಕಾಯಿಲೆ ಅಲ್ಲ. ಮೂರು ನಾಲ್ಕು ತಿಂಗಳಿಗೆ ತಾನೇ ಬಿಟ್ಟು ಹೋಗುತ್ತೆ. ತೂಕ ಏರ್ತಾ ಇದೆ, ಹಾಲು ಕುಡೀತಾಳೆ, ಜ್ವರ ಇಲ್ಲ. ನೀವು ಅಳಬೇಡಿ, ಅವಳು ಅಳಲಿ. ಪ್ರೊಬಯಾಟಿಕ್ ಹನಿ ಬರೆದಿದೀನಿ. ಹೊಟ್ಟೆಗೆ ಒಳ್ಳೇ ಬ್ಯಾಕ್ಟೀರಿಯಾ. ತಾಯಿ ಹಾಲು ಕುಡಿಯೋ ಮಕ್ಕಳಲ್ಲಿ ಕೆಲವರಿಗೆ ಅಳು ಕಮ್ಮಿ ಆಗುತ್ತೆ. ಕೆಲವರಿಗೆ ಏನೂ ಆಗಲ್ಲ. ದಿನಕ್ಕೆ ಒಂದು ಸಲ, ಐದೇ ಹನಿ. ಮೂರು ವಾರ ನೋಡೋಣ."

"ಮಗೂಗೆ ಹುಳ ತಿನ್ಸಕ್ಕೆ ದುಡ್ಡು ಬೇರೆ ಕೊಟ್ರಾ?" ಎಂದಳು ಅಜ್ಜಿ.

"ಹುಳ ಅಲ್ಲಮ್ಮ. ಮೊಸರಲ್ಲಿ ಇರ್ತಾವಲ್ಲ, ಅವುಗಳ ದಾಯಾದಿಗಳು. ಒಳ್ಳೆಯವು."

"ದಾಯಾದಿಗಳಲ್ಲಿ ಒಳ್ಳೆಯವರು ಬೇರೆ ಇರ್ತಾರಾ?"

ಡ್ರೈವರ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಕಸ್ಮಾತ್ ಜಾಸ್ತಿ ಬಿದ್ದರೆ?" ಎಂದ.

"ಕೇಳಿದೆ," ಎಂದಳು ಅವನ ಹೆಂಡತಿ. "ಒಂದೆರಡು ಹನಿ ಹೆಚ್ಚು ಬಿದ್ದರೆ ಗಾಬರಿ ಬೇಡ ಅಂದ್ರು."

"ಜಾಸ್ತಿ ಯಾಕೆ ಬೀಳುತ್ತೆ?" ಕಂಪೌಂಡರ್ ಕೈ ಒರೆಸಿಕೊಂಡು ಆ ಕಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹನಿ ಎಣಿಸೋದು ನನ್ನ ಕೆಲಸ. ಇದನ್ನ ಯಾರೂ ಮುಟ್ಟಬೇಡಿ."

ಹೀಗೆ ಪ್ರತಿ ಸಂಜೆ ನಾಲ್ಕೂವರೆಗೆ ಕಂಪೌಂಡರ್ ಕೈ ತೊಳೆದು, ಫ್ರಿಜ್ಜಿನಿಂದ ಬಾಟಲಿ ತೆಗೆದು, ಚಮಚಕ್ಕೆ ಐದು ಹನಿ ಬಿಟ್ಟು ಮೊಮ್ಮಗಳ ಬಾಯಿಗೆ ಸುರಿದರು. ಐದಕ್ಕೆ ಸರಿಯಾಗಿ ಅವಳು ಶುರು ಮಾಡಿದಳು. ಹತ್ತು ದಿನ ಹೀಗೇ ನಡೆಯಿತು. ಒಳ್ಳೆಯ ಬ್ಯಾಕ್ಟೀರಿಯಾ ಒಳಗೆ ಹೋಗಿ ಏನು ಮಾಡುತ್ತಿವೆಯೆಂದು ಮಗಳು ಒಂದೊಂದು ದಿನ ಒಂದೊಂದು ದನಿಯಲ್ಲಿ ಹೇಳಿದಳು: ಒಂದು ದಿನ ಸರ್ಕಾರಿ ಆಫೀಸಿನ ಗುಮಾಸ್ತನ ದನಿ, "ಊಟಕ್ಕೆ ಹೋಗಿದಾರೆ, ನಾಳೆ ಬನ್ನಿ."

ಹನ್ನೊಂದನೆಯ ದಿನ ಡ್ರೈವರ್ ಡ್ಯೂಟಿ ಮುಗಿಸಿ ಬಂದವನು ಮೇಲೆ ಬರಲಿಲ್ಲ. ಕಂಪೌಂಡರ್ ಕೆಳಗಿಳಿದು ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದ, ಶೂ ಕೂಡ ಬಿಚ್ಚದೆ.

"ಯಾಕೋ?"

"ಕಣ್ಣು ಮುಚ್ಚಿಹೋಯ್ತು ಅಪ್ಪ. ಒಂದೇ ಕ್ಷಣ. ತೆಗೆದಾಗ ಮುಂದೆ ಶಾಲೆ ಮಕ್ಕಳು ಸಾಲಾಗಿ ರಸ್ತೆ ದಾಟ್ತಿದ್ರು. ಫುಟ್‌ಪಾತಿಗೆ ಹತ್ತಿಸಿ ಕಂಬಕ್ಕೆ ಒರೆಸಿ ನಿಲ್ಲಿಸಿದೆ. ಕನ್ನಡಿ ಮುರೀತು, ಅಷ್ಟೇ."

"ಯಾರಿಗೂ..."

"ಇಲ್ಲ. ಈ ಸಲ ಇಲ್ಲ." ಅವನು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡ. "ಅವಳಿಗೆ ಹೇಳಬೇಡಿ."

ಆ ಸಂಜೆಯೂ ನಾಲ್ಕೂವರೆ ಗಂಟೆ ಕಾಲ ಮಗು ಅತ್ತಿತು. ಕಂಪೌಂಡರ್ ಬಾಗಿಲಲ್ಲಿ ನಿಂತು, ಅಡುಗೆಮನೆಯ ನೆಲದ ಮೇಲೆ ಕಣ್ಣು ಬಿಟ್ಟುಕೊಂಡೇ ಮಲಗಿದ್ದ ಮಗನನ್ನು ನೋಡಿದರು.

ಮರುದಿನ ಬೆಳಿಗ್ಗೆ, ಹೆಂಗಸರೆಲ್ಲ ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗ, ಅವರು ಹೆಂಡತಿಯ ನಿದ್ದೆ ಮಾತ್ರೆಯ ಪಟ್ಟಿ ತೆಗೆದರು. ಮಂಚದಡಿಯ ತಗಡಿನ ಪೆಟ್ಟಿಗೆಯಲ್ಲಿ ಶಾಪಿನ ಕಾಲದ ಪಿಂಗಾಣಿ ಕುಟ್ಟಾಣಿ ಇತ್ತು. ಮಾತ್ರೆ ಅರೆದು, ಸೋಸಿ, ಕಂದು ಬಾಟಲಿಯ ಹನಿಯೊಂದಿಗೆ ಬೆರೆಸಿ, ಅಲ್ಲಾಡಿಸಿ, ಬೆಳಕಿಗೆ ಹಿಡಿದರು. ಮೂವತ್ನಾಲ್ಕು ವರ್ಷ ಪಳಗಿದ ಕೈ.

ಇಂಥದ್ದು ಅವರಿಗೆ ಹೊಸದಲ್ಲ. ಹಿಂದೆ ಶಾಪಿನಲ್ಲಿ ಅಳುವ ಮಕ್ಕಳಿಗೆಂದೇ ಒಂದು ಗುಲಾಬಿ ಮಿಕ್ಸ್ಚರ್ ಇತ್ತು. ತಾಯಂದಿರು ಸಾಲು ನಿಂತು ಒಯ್ಯುತ್ತಿದ್ದರು. ಒಂದು ದಿನ ಒಬ್ಬ ಹೆಂಗಸು ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಡಾಕ್ಟರು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮಾರನೆಯ ದಿನ, "ಆ ಗುಲಾಬಿ ಬಾಟಲಿ ಕೆಳಗಿಳಿಸು," ಎಂದರು. ಕಂಪೌಂಡರ್ ಇಳಿಸಿದರು. ಡಾಕ್ಟರು ಕಾರಣ ಹೇಳಲಿಲ್ಲ, ಕಂಪೌಂಡರ್ ಕೇಳಲಿಲ್ಲ.

ಆ ಸಂಜೆ ಐದು ಹೊಡೆಯಿತು. ಐದೂಕಾಲು, ಐದೂವರೆ. ಸೊಸೆ ತೊಟ್ಟಿಲ ಹತ್ತಿರ ಕೈ ಚಾಚಿಕೊಂಡು ನಿಂತೇ ಇದ್ದಳು, ಬಸ್ಸಿಗೆ ಕಾಯುವವಳ ಹಾಗೆ. ಮಗು ನಿದ್ದೆ ಹೋಗಿತ್ತು.

"ಕೆಲಸ ಶುರು ಮಾಡಿದ್ವು ನೋಡು ಹುಳ," ಎಂದಳು ಅಜ್ಜಿ ಪಿಸುದನಿಯಲ್ಲಿ.

"ಸ್ವಲ್ಪ ಟೈಮ್ ಬೇಕು ಅಂದಿದ್ರಲ್ಲ ಅತ್ತೆ ಡಾಕ್ಟರು."

ಮನೆಯ ಕಳೆಯೇ ಬದಲಾಯಿತು. ಎಲ್ಲರೂ ಒಟ್ಟಿಗೆ ಕೂತು ಬಿಸಿ ಊಟ ಉಂಡರು. ಡ್ರೈವರ್ ಮಂಚದ ಮೇಲೆ ಮಲಗಿ ಗೊರಕೆ ಹೊಡೆದ. ತಂಗಿ ಆ ಗೊರಕೆಗೆ ಗೇರ್ ಹಾಕಿ ತೋರಿಸಿದಳು. ಮೇಲಿನ ಮನೆಯಾಕೆ ಕೆಳಗಿಳಿದು ಬಂದು, ತನ್ನ ಅಕ್ಕನ ಮೊಮ್ಮಗನಿಗೂ ಬೇಕೆಂದು ಬಾಟಲಿಯ ಹೆಸರು ಬರೆದುಕೊಂಡು ಹೋದಳು. "ಹನಿಗೂಡಿದರೆ ಹಳ್ಳ ಅಂತಾರಲ್ಲ, ಐದೈದು ಹನಿ ಸೇರಿ ಮನೆ ತಣ್ಣಗಾಯ್ತು," ಎಂದಳು ಅಜ್ಜಿ ಆಕೆಗೆ.

ಒಂದು ದಿನ ಅಜ್ಜಿ ಮಾತ್ರೆಯ ಪಟ್ಟಿ ಹಿಡಿದುಕೊಂಡು ಬಂದಳು. "ನನ್ನ ಮಾತ್ರೆ ಕಮ್ಮಿ ಆಗ್ತಿದೆ. ಪರೀಕ್ಷೆ ಅಂತ ನೀನೇನಾದರೂ ತಗೋತಿದೀಯೇನೇ?" ಎಂದು ಮಗಳನ್ನು ಕೇಳಿದಳು.

"ಪರೀಕ್ಷೆಗೆ ಓದಿದರೇ ನನಗೆ ನಿದ್ದೆ ಬರುತ್ತಮ್ಮ, ಮಾತ್ರೆ ಯಾಕೆ?"

"ಎರಡು ಸಲ ನುಂಗಿರ್ತೀಯ, ಮರೆವು ನಿನಗೆ," ಎಂದರು ಕಂಪೌಂಡರ್ ಪೇಪರಿನ ಹಿಂದಿನಿಂದ.

ಎರಡು ವಾರ ಕಳೆದು ಸೊಸೆ ಮಗುವನ್ನು ತೂಕಕ್ಕೆ ಒಯ್ದಳು. ಈ ಸಲ ಮಾವನೂ ಜೊತೆಗೆ ಹೋದರು. ಡಾಕ್ಟರಮ್ಮ ಅಳು ನಿಂತದ್ದು ಕೇಳಿ ನಕ್ಕರು. ತಕ್ಕಡಿಯ ಅಂಕಿ ನೋಡಿ ನಗು ನಿಲ್ಲಿಸಿದರು.

"ತೂಕ ಏರೇ ಇಲ್ವಲ್ಲ. ಹಾಲು ಕುಡೀತಾಳಾ?"

"ಬಾಯಿ ಹಾಕ್ತಾಳೆ. ನಾಲ್ಕು ಗುಟುಕಿಗೆ ನಿದ್ದೆ ಹೋಗ್ಬಿಡ್ತಾಳೆ."

"ಎಬ್ಬಿಸಿ ಕುಡಿಸಿ. ಬೇರೆ ಔಷಧಿ ಏನಾದರೂ ಕೊಡ್ತಿದೀರಾ?"

"ಇಲ್ಲ ಡಾಕ್ಟ್ರೇ. ಆ ಹನಿ ಒಂದೇ."

"ಆ ಹನಿಗೆ ಹೀಗೆಲ್ಲ ಆಗಲ್ಲ." ಡಾಕ್ಟರಮ್ಮ ಮಗುವಿನ ಅಂಗಾಲು ಚಿವುಟಿ ನೋಡಿದರು. ಮಗು ಕಾಲು ಎಳೆದುಕೊಂಡಿತು, ನಿಧಾನಕ್ಕೆ. "ಸೋಮವಾರ ಇನ್ನೊಂದು ಸಲ ತನ್ನಿ. ಅದಕ್ಕೂ ಮೊದಲು ಮಂಕಾದರೆ ತಕ್ಷಣ."

ಕಂಪೌಂಡರ್ ಮಗುವಿಗೆ ಕುಲಾವಿ ಹಾಕಿದರು. ಬರುವ ದಾರಿಯಲ್ಲಿ ಹೊಸ ಬಾಟಲಿ ಕೊಂಡರು. ಅದಕ್ಕೆ ಮಾತ್ರೆ ಮೊದಲಿನ ಅರ್ಧದಷ್ಟೇ ಬೆರೆಸಿದರು.

ಗುರುವಾರ ಸಂಜೆ ಅಳು ಮರಳಿತು. ಶುಕ್ರವಾರ ಇನ್ನೂ ಜೋರು. ಡ್ರೈವರ್ ಚಾಪೆ ಎತ್ತಿಕೊಂಡು ಮತ್ತೆ ಅಡುಗೆಮನೆಗೆ ಹೋದ.

"ಸೋಮವಾರ ನಾನು ಕೌಂಟರಿನಲ್ಲಿ ಕೂತಿರಬೇಕು," ಎಂದಳು ಸೊಸೆ ಯಾರನ್ನೂ ನೋಡದೆ. "ಇನ್ನೊಂದು ದಿನ ರಜೆ ಕೇಳಿದರೆ ಆ ಜಾಗಕ್ಕೆ ಬೇರೆಯವರು ಕಾಯ್ತಿದಾರೆ ಅಂದಿದಾರೆ."

"ಹೊಸ ಬಾಟ್ಲಿ ಸರಿ ಇಲ್ಲ ಅನ್ಸುತ್ತೆ," ಎಂದಳು ಅಜ್ಜಿ. "ಸತ್ತ ಹುಳ ಕೊಟ್ಟಿದಾನೆ ಅಂಗಡಿಯವನು."

ಶನಿವಾರ ಕಂಪೌಂಡರ್ ಮತ್ತೆ ಪೆಟ್ಟಿಗೆ ತೆಗೆದು, ಉಳಿದರ್ಧವನ್ನೂ ಬೆರೆಸಿದರು. ಸಂಜೆ ಮನೆ ತಣ್ಣಗಾಯಿತು.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಒಳಕೋಣೆಯಲ್ಲಿ ಮಗು ಮಲಗಿತ್ತು. ಸೊಸೆ ಮರುದಿನದ ಸೀರೆ ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದಳು. ನಾದಿನಿ ಅತ್ತಿಗೆಯ ಕೌಂಟರನ್ನು ಊಟದ ಮನೆಗೇ ತಂದಿದ್ದಳು.

"ಚಿಲ್ಲರೆ ಕೊಡ್ರೀ. ಚಿಲ್ಲರೆ ಇಲ್ವಾ? ಹಾಗಾದರೆ ಊರಿಗೆ ಯಾಕ್ರೀ ಹೋಗ್ತೀರಾ? ಮುಂದೆ ಬನ್ನಿ."

ಬಹಳ ದಿನಗಳ ಮೇಲೆ ಅತ್ತಿಗೆ ಬಾಯಿ ತುಂಬ ನಕ್ಕಳು. "ನಾನು ಹಾಗೆ ಮಾತಾಡ್ತೀನಾ?"

"ಹಾಗೇ ಅತ್ತಿಗೆ. ಈಗ ಮಗೂದು ಮಾಡ್ಲಾ? ಅಳೋದು ಹಳೇದಾಯ್ತು. ಈಗ ಹೊಸ ಐಟಂ, ಮಲಗೋದು. ಈಗ ತಾನೇ ಪಕ್ಕದಲ್ಲಿ ಕೂತು ಕಲ್ತುಕೊಂಡು ಬಂದೆ."

ಅವಳು ಕಣ್ಣು ಮುಚ್ಚಿದಳು. ತುಟಿ ಸ್ವಲ್ಪ ತೆರೆದಳು. ಸಣ್ಣದೊಂದು ಉಸಿರು ಒಳಗೆಳೆದು ಬಿಟ್ಟಳು. ಆಮೇಲೆ ಸುಮ್ಮನಾದಳು.

ಎಲ್ಲರೂ ಕಾದರು. ಅಜ್ಜಿಗೆ ನಗು ಬಂತು. "ಮುಂದಕ್ಕೆ ಮಾಡೇ."

ಮಗಳು ಬೆರಳೆತ್ತಿ ತಡೆಯಿರಿ ಎಂದು ಸನ್ನೆ ಮಾಡಿದಳು. ಗೋಡೆಯ ಗಡಿಯಾರದ ಮುಳ್ಳು ಕೇಳುವಷ್ಟು ಹೊತ್ತು ಹಾಗೇ ಇದ್ದಳು. ಮತ್ತೆ ಒಂದು ಸಣ್ಣ ಉಸಿರು, ಬಿಕ್ಕಳಿಕೆಯಂತೆ. ಮತ್ತೆ ಮೌನ. ಈ ಸಲದ ಮೌನ ಇನ್ನೂ ಉದ್ದ.

"ಉಸಿರು ಕಟ್ಟಿ ಸಾಯ್ತೀಯೇ," ಎಂದ ಅಣ್ಣ ನಗುತ್ತ.

"ನನಗೆ ಆಗ್ತಿಲ್ಲ ಅಣ್ಣ, ಅವಳಿಗೆ ಆಗುತ್ತೆ," ಎಂದು ಕಣ್ಣು ತೆರೆದಳು ಅವಳು. "ಅಷ್ಟು ಹೊತ್ತು ಹಿಡಿಯಕ್ಕೆ ನಾನಿನ್ನೂ..."

ಕಂಪೌಂಡರ್ ಬಾಯಿಯ ಹತ್ತಿರ ಒಯ್ದಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. "ಸುಳ್ಳು ಸೇರಿಸಿದ್ಯಾ?"

"ಏನು?"

"ನಗಿಸಕ್ಕೆ ಅಂತ ಉದ್ದ ಮಾಡಿದ್ಯಾ, ಇಲ್ಲ ಅವಳು ಹಾಗೇ ಉಸಿರಾಡ್ತಿದಾಳಾ?"

"ನಾನು ಯಾವತ್ತಾದರೂ ಸೇರಿಸ್ತೀನಾ ಅಪ್ಪ? ಇದ್ದದ್ದನ್ನ ಇದ್ದ ಹಾಗೇ..."

ಅವರು ಎಂಜಲು ಕೈಯಲ್ಲೇ ಒಳಗೆ ಓಡಿದರು. ಎಲ್ಲರೂ ಎದ್ದು ಬರುವಷ್ಟರಲ್ಲಿ ಮಗುವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಿದ್ದರು. ತುಟಿಯ ಸುತ್ತ ನೀಲಿ. ಅಂಗಾಲು ಚಿವುಟಿದರು. ಕಾಲು ಅಲ್ಲಾಡಲಿಲ್ಲ. ಇನ್ನೊಮ್ಮೆ ಚಿವುಟಿದರು, ಉಗುರು ಊರುವ ಹಾಗೆ.

"ಮಾವ, ಏನು ಮಾಡ್ತಿದೀರಾ ಅವಳಿಗೆ?"

"ಗಾಡಿ ತರಿಸೋ," ಎಂದರು ಮಗನಿಗೆ. "ಓಡು."

ಮೇಲಿನ ಮನೆಯವರ ಕಾರನ್ನು ಡ್ರೈವರೇ ಓಡಿಸಿದ. ಹಿಂದಿನ ಸೀಟಿನಲ್ಲಿ ಸೊಸೆ ಮಗುವಿನ ಕೆನ್ನೆ ತಟ್ಟುತ್ತ ಹೆಸರು ಹಿಡಿದು ಕರೆಯುತ್ತಿದ್ದಳು. ನಾದಿನಿ ಎದೆಯ ಏರಿಳಿತ ಎಣಿಸಿ ಗಟ್ಟಿಯಾಗಿ ಹೇಳುತ್ತಿದ್ದಳು. ಎರಡು ಎಣಿಕೆಯ ನಡುವೆ ಕಾರಿನಲ್ಲಿ ಯಾರೂ ಉಸಿರಾಡಲಿಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ಕಿತ್ತುಕೊಂಡಂತೆ ಒಯ್ದರು. ಐದು ನಿಮಿಷಕ್ಕೆ ಡಾಕ್ಟರಮ್ಮ ಹೊರಗೆ ಬಂದರು, ಕೈಗೆ ಗ್ಲೌಸು ಹಾಗೇ ಇತ್ತು.

"ಏನು ಕೊಟ್ಟಿದೀರಾ?"

"ಏನೂ ಇಲ್ಲ ಡಾಕ್ಟ್ರೇ," ಎಂದಳು ಸೊಸೆ. "ನೀವು ಬರೆದಿದ್ರಲ್ಲ, ಆ ಪ್ರೊಬಯಾಟಿಕ್ ಹನಿ. ಅಷ್ಟೇ. ನಾನು ಆಣೆ ಮಾಡಿ ಹೇಳ್ತೀನಿ."

"ಇದು ಪ್ರೊಬಯಾಟಿಕ್ ಮಾಡೋ ಕೆಲಸ ಅಲ್ಲ. ನನಗೆ ಹೆಸರು ಬೇಕು. ಈಗಲೇ ಬೇಕು."

ಕಂಪೌಂಡರ್ ಮುಂದೆ ಬಂದರು. ಮಾತ್ರೆಯ ಹೆಸರು ಹೇಳಿದರು. ಎಷ್ಟು ಅರೆದದ್ದು, ಎಷ್ಟರಲ್ಲಿ ಬೆರೆಸಿದ್ದು, ಎಂದಿನಿಂದ, ಎಲ್ಲವನ್ನೂ ಒಂದೇ ದನಿಯಲ್ಲಿ, ಕಿಂಡಿಯ ಹಿಂದೆ ನಿಂತು ರೋಗಿಗೆ ಹೇಳುವ ಹಾಗೆ ಹೇಳಿದರು. ಡಾಕ್ಟರಮ್ಮ ಬರೆದುಕೊಂಡರು. ಅಜ್ಜಿ ಬೆಂಚಿನ ಮೇಲೆ ಕುಸಿದಳು.

"ದಿನಕ್ಕೆ ಎಷ್ಟು?"

"ಐದು ಹನಿ. ಐದೇ. ಲೆಕ್ಕ ಹಾಕಿಯೇ ಮಾಡಿದ್ದು. ಐದಕ್ಕೆ ಇಷ್ಟಾಗಬಾರದು."

"ಬೆಳಿಗ್ಗೆ ನಾನೂ ಐದು ಹಾಕ್ತಿದ್ದೆ," ಎಂದಳು ಸೊಸೆ. "ನಿನ್ನೆಯಿಂದ. ಮತ್ತೆ ಅಳು ಶುರುವಾಯ್ತಲ್ಲ ಅಂತ. ಹೆಚ್ಚಾದರೆ ಏನೂ ಆಗಲ್ಲ ಅಂದಿದ್ರಲ್ಲ ಅಂತ."

ಡಾಕ್ಟರಮ್ಮ ಹತ್ತು ಎಂದು ಬರೆದರು.

"ಮಧ್ಯಾಹ್ನ ನಾನು," ಎಂದಳು ಅಜ್ಜಿ ನೆಲ ನೋಡುತ್ತ. "ಸೋಮವಾರದಿಂದ ನಾನೇ ಅಲ್ವಾ ನೋಡ್ಕೋಬೇಕಾದ್ದು."

ಹದಿನೈದು.

ಡ್ರೈವರ್ ಗೋಡೆಗೆ ಒರಗಿ ನಿಂತಿದ್ದ. ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಹುಡುಗನಂತೆ ಕೈ ಎತ್ತಿದ.

"ನೀವೂ?" ಎಂದಳು ಹೆಂಡತಿ.

"ಡ್ಯೂಟಿ ಮುಗಿಸಿ ಬಂದ ಮೇಲೆ. ನಿನ್ನೆ. ನಿದ್ದೆ ಬೇಕಿತ್ತು ಕಣೇ."

ಡಾಕ್ಟರಮ್ಮ ಇಪ್ಪತ್ತು ಎಂದು ಬರೆದು, ಹಾಳೆ ಹಿಡಿದು ಒಳಗೆ ಹೋದರು. ಕಂಪೌಂಡರ್ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಯಾರೂ ಮುಟ್ಟಬೇಡಿ ಅಂದಿದ್ದೆ," ಎಂದರು. ಎಲ್ಲರೂ ತಪ್ಪು ಹಂಚಿಕೊಂಡಿದ್ದರು. ನೋಡುತ್ತಿದ್ದದ್ದು ಮಾತ್ರ ಅವರೊಬ್ಬರನ್ನೇ.

ಎರಡು ದಿನ ಮಗು ನಳಿಗೆಗಳ ನಡುವೆ ಮಲಗಿತ್ತು. ಮಂಗಳವಾರ ಕಣ್ಣು ಬಿಟ್ಟಿತು, ಹಾಲು ಕುಡಿಯಿತು. ಉಸಿರು ಸರಿಯಾಗಿದೆ, ಆದರೆ ಕೈಕಾಲಿನ ಚುರುಕು, ನೋಟ, ಕಿವಿ ಎಲ್ಲವನ್ನೂ ಆರು ತಿಂಗಳು ನೋಡುತ್ತಿರಬೇಕು, ಈಗಲೇ ಏನೂ ಹೇಳಲಾರೆ ಎಂದರು ಡಾಕ್ಟರಮ್ಮ. ವರದಿ ಕಳಿಸಲೇಬೇಕು, ಮನೆಗೆ ಯಾರಾದರೂ ವಿಚಾರಿಸಲು ಬರುತ್ತಾರೆ ಎಂದೂ ಹೇಳಿದರು. ಟಿಕೆಟ್ ಕೌಂಟರಿನಲ್ಲಿ ಸೋಮವಾರವೇ ಬೇರೆಯವರು ಕೂತಿದ್ದರು.

ಬುಧವಾರ ಮಧ್ಯಾಹ್ನ ಮಗು ಮನೆಗೆ ಬಂತು. ಐದು ಹೊಡೆಯುತ್ತಿದ್ದಂತೆ ಮುಖ ಕೆಂಪು ಮಾಡಿ ಶುರು ಮಾಡಿತು. ಸೊಸೆ ಅದನ್ನು ಹೆಗಲಿಗೆ ಹಾಕಿಕೊಂಡು ನಡುಮನೆಯಲ್ಲಿ ಕೂತಳು. ಎಲ್ಲರೂ ಸುತ್ತ ಕೂತು ಕೇಳಿದರು. ಯಾರೂ ಹತ್ತಿ ಹುಡುಕಲಿಲ್ಲ.

ಕಂಪೌಂಡರ್ ಎದ್ದು ಅಡುಗೆಮನೆಗೆ ಹೋದರು. ಒಲೆ ಹಚ್ಚಿದ ಸದ್ದು, ಚಮಚದ ಸದ್ದು. ತಟ್ಟೆಯಲ್ಲಿ ಐದು ಲೋಟ ಟೀ ಇಟ್ಟುಕೊಂಡು ಬಂದು ಒಬ್ಬೊಬ್ಬರ ಮುಂದೂ ಇಟ್ಟರು. "ನಿನಗೆ ಸಕ್ಕರೆ ಕಮ್ಮಿ," ಎಂದರು ಹೆಂಡತಿಗೆ.

ಮಗಳು ಕೈ ಚಾಚಿದಳು. ಅಮ್ಮನ ಮುಖ ನೋಡಿದಳು. ಕೈ ಹಿಂದೆಳೆದುಕೊಂಡಳು.

"ಆಮೇಲೆ ಕುಡೀತೀನಿ ಅಪ್ಪ," ಎಂದ ಡ್ರೈವರ್.

ಮಗು ಅಳುತ್ತಲೇ ಇತ್ತು. ಐದು ಲೋಟದ ಮೇಲೂ ತೆಳ್ಳಗೆ ಕೆನೆ ಕಟ್ಟಿತು. ಕಂಪೌಂಡರ್ ತಮ್ಮ ಲೋಟ ಎತ್ತಿ, ಎಲ್ಲರಿಗೂ ಕಾಣುವ ಹಾಗೆ ಪೂರ್ತಿ ಕುಡಿದು, ಕೆಳಗಿಟ್ಟು ಕಾದರು. ಆಮೇಲೆ ಹೆಂಡತಿಯದನ್ನು ಎತ್ತಿ ಕುಡಿದರು. ಆಮೇಲೆ ಮಗಳದ್ದು. ಮಗನ ಲೋಟಕ್ಕೆ ಬರುವಾಗ ಟೀ ಪೂರ್ತಿ ಆರಿತ್ತು, ಗಂಟಲಿಗೆ ಕಷ್ಟವಾಯಿತು. ಬೇಡ ಎಂದು ಯಾರೂ ಹೇಳಲಿಲ್ಲ.

ಕೊನೆಯದನ್ನು ಅವರು ಕುಡಿದು ಮುಗಿಸುವವರೆಗೂ ಸೊಸೆ ಅವರ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಎದ್ದಳು. ಅಡುಗೆಮನೆಗೆ ಹೋಗಿ ಪಾತ್ರೆಯನ್ನು ಎರಡು ಸಲ ತೊಳೆದು, ನಾಲ್ಕು ಲೋಟ ನೀರು ಅಳೆದು ಒಲೆಗಿಟ್ಟಳು.